ಒಣ ಹುಲ್ಲಿನ ಸಪ್ಪಳ

ಮಾರ್ಚ್ ಕೊನೆಯ ಹೈದರಾಬಾದಿನ ಬಿಸಿಲಲ್ಲಿ, ನಾಯಿಗಳು ಕೂಡ ಕಾರಿನಡಿ ಸೇರಿಕೊಂಡಿರುವ ನಡು ಮಧ್ಯಾಹ್ನ, ಯಾರಾದರೂ ಇಬ್ಬರು ಕ್ಯಾಮೆರಾ ಹಿಡಿದು ಖಾಜಾಗುಡದ ಬಂಡೆ ಹತ್ತುತ್ತಿದ್ದರೆ ಇವರಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ತಲೆ ಸರಿಯಾಗಿಯೇ ಇದೆ. ಕೆಟ್ಟಿರುವುದು ಕ್ಯಾಮೆರಾ, ಅದೂ ನಾವೇ ದುಡ್ಡು ಕೊಟ್ಟು ಕೆಡಿಸಿಕೊಂಡಿದ್ದು.

ಪ್ರತಿ ಕ್ಯಾಮೆರಾದ ಹೊಟ್ಟೆಯೊಳಗೆ, ಬೆಳಕು ಹೋಗಿ ಬೀಳುವ ಜಾಗದ ಮುಂದೆ, ಒಂದು ತೆಳ್ಳನೆಯ ಗಾಜಿರುತ್ತದೆ. ಮನುಷ್ಯರ ಕಣ್ಣಿಗೆ ಕಾಣದ ಬೆಳಕನ್ನು, ಅಂದರೆ ಇನ್‌ಫ್ರಾರೆಡ್ ಮುಂತಾದ್ದನ್ನು, ಬಾಗಿಲಲ್ಲೇ ತಡೆಯುವುದು ಅದರ ಕೆಲಸ. ಆ ಗಾಜನ್ನು ಕಿತ್ತು ಬರೀ ತಿಳಿ ಗಾಜು ಕೂರಿಸಿಬಿಟ್ಟರೆ ಕ್ಯಾಮೆರಾಗೆ ಎಲ್ಲವೂ ಕಾಣತೊಡಗುತ್ತದೆ. ಹಸಿರೆಲೆಗಳು ಈ ಕಾಣದ ಬೆಳಕನ್ನು ಬಿಸಿಲಿದ್ದಷ್ಟೂ ಹಿಂದಕ್ಕೆಸೆಯುತ್ತವೆ. ಹಾಗಾಗಿ ಮಟಮಟ ಮಧ್ಯಾಹ್ನ, ಉಳಿದ ಫೋಟೋಗ್ರಾಫರುಗಳೆಲ್ಲ ಫ್ಯಾನಿನಡಿ ಮಲಗಿರುವಾಗ, ಕಾಣುವ ಬೆಳಕನ್ನು ತಡೆಯುವ ಕಪ್ಪು ಫಿಲ್ಟರ್ ಸಿಕ್ಕಿಸಿದ ನಮ್ಮ ಕ್ಯಾಮೆರಾಗಳಲ್ಲಿ ಬೇವಿನ ಮರ ಬೆಣ್ಣೆ ಬಳಿದ ಹಾಗೆ ಬೆಳ್ಳಗೆ ಬರುತ್ತದೆ.

ನನ್ನನ್ನು ಈ ಹುಚ್ಚಿಗೆ ಎಳೆದವನು ವಿನಾಯಕ. ಮಣಿಕೊಂಡದಲ್ಲಿ ಒಂದೇ ಆಫೀಸಿನ ಅಕ್ಕಪಕ್ಕದ ಮೇಜು ನಮ್ಮದು. ಅವನ ತಂದೆ ಅಮರಯ್ಯನವರು ಬ್ಯಾಡಗಿ ಕಡೆಯಿಂದ ಬಂದು ಬೇಗಂ ಬಜಾರಿನಲ್ಲಿ ಒಣ ಮೆಣಸಿನಕಾಯಿಯ ಸಗಟು ಅಂಗಡಿ ಇಟ್ಟವರು. ಈಗ ಅವರಿಲ್ಲ, ಅಂಗಡಿ ಅಣ್ಣನದು. ವಿನಾಯಕ ತಾಯಿ ಅಂಬವ್ವನ ಜೊತೆ ಮೆಹದಿಪಟ್ಟಣಂನಲ್ಲಿದ್ದಾನೆ. ನಾನು ಸಿಂಚನಾ, ಮೈಸೂರಿನವಳು. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಹುಡುಕಿದರೆ ಸಾಲದು, ಆ ತಪ್ಪನ್ನು ಇನ್ನೊಂದು ಸಲ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ. ಅರ್ಥವಾಗದ್ದು ಏನಾದರೂ ಕಣ್ಣಿಗೆ ಬಿದ್ದರೆ ನನಗೆ ಊಟ ಸೇರುವುದಿಲ್ಲ. ಅಮ್ಮ ನನ್ನನ್ನು ಸಿಐಡಿ ಎಂದೇ ಕರೆಯುವುದು.

ಒಂದು ದಿನ ಅವನ ಕಂಪ್ಯೂಟರಿನ ಪರದೆಯ ಮೇಲೆ ಬೆಳ್ಳನೆಯ ಮರಗಳನ್ನು ಕಂಡು "ಇದು ಕಾಶ್ಮೀರಾನಾ?" ಎಂದೆ.

"ಕಾಶ್ಮೀರ ಅಲ್ರಿ, ನಮ್ಮ ಆಫೀಸಿನ ಹಿಂದಿನ ಗುಡ್ಡ ಐತಿ" ಎಂದ.

ಅಷ್ಟು ಸಾಕಾಯಿತು. ಮುಂದಿನ ಭಾನುವಾರ ಟೋಪಿ ಹಾಕಿಕೊಂಡು ಅವನ ಹಿಂದೆ ಹೊರಟೆ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ನನ್ನ ಹಳೇ ಕ್ಯಾಮೆರಾದ ಗಾಜನ್ನೂ ತೆಗೆಸಿಬಿಟ್ಟೆ. ನಾನು ಮೊದಲ ವಾರವೇ ಅವನಿಗೆ ನೀನು ಎಂದೆ. ವರ್ಷ ಕಳೆದರೂ ಅವನ ಬಾಯಿಂದ ನನಗೆ 'ರಿ' ತಪ್ಪಲಿಲ್ಲ.

ಈ ಕೆಲಸದಲ್ಲಿ ಎಲ್ಲಿಗೆ ಹೋದರೂ ಮೊದಲು ಮಾಡುವ ಒಂದು ಶಾಸ್ತ್ರವಿದೆ. 'ಬಿಳಿ ಎಂದರೆ ಇದು' ಎಂದು ಕ್ಯಾಮೆರಾಗೆ ತೋರಿಸಿಕೊಡಬೇಕು. ಮಾಮೂಲಿ ಕ್ಯಾಮೆರಾಗಾದರೆ ಬಿಳಿ ಕಾಗದ ಹಿಡಿಯುತ್ತಾರೆ. ನಾವು ನೆಲಕ್ಕೆ ಬಗ್ಗಿ ಹಸಿರು ಹುಲ್ಲನ್ನು ತೋರಿಸುತ್ತೇವೆ. ಆಮೇಲಿನ ಬಣ್ಣಗಳೆಲ್ಲ ಆ ಒಂದು ಸುಳ್ಳಿನ ಮೇಲೆ ನಿಲ್ಲುತ್ತವೆ. ಕಪ್ಪಿನ ಬದಲು ಕಿತ್ತಳೆ ಬಣ್ಣದ ಫಿಲ್ಟರ್ ಸಿಕ್ಕಿಸಿ ಚಿತ್ರ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಕೆಂಪನ್ನೂ ನೀಲಿಯನ್ನೂ ಅದಲುಬದಲು ಮಾಡಿದರೆ ಆಕಾಶ ನೀಲಿಯಾಗುತ್ತದೆ, ಮರಗಳು ಹೊನ್ನಿನ ಹಳದಿಯಾಗುತ್ತವೆ. ಎಲ್ಲರಿಗೂ ಹೀಗೆಯೇ ಬರುತ್ತದೆ.

ಆದರೆ ಖಾಜಾಗುಡದಲ್ಲಿ, ಬಂಡೆಗಳ ನಡುವಿನ ಸಣ್ಣ ಕೆರೆಯ ದಂಡೆಯಲ್ಲಿ, ವಿನಾಯಕ ತೆಗೆದ ಹುಣಸೆಮರ ಹಾಗೆ ಬರಲಿಲ್ಲ. ಪಕ್ಕದಲ್ಲೇ ನಿಂತು, ಅಂಥದೇ ಫಿಲ್ಟರಿನಲ್ಲಿ, ಅದೇ ಮರವನ್ನು ನಾನೂ ತೆಗೆದಿದ್ದೆ. ನನ್ನದು ಬೇಸನ್ ಉಂಡೆಯ ಬಣ್ಣಕ್ಕೆ ಬಂತು. ಅವನದು ಚಿಗುರಿದ ಮಾವಿನ ಬಣ್ಣಕ್ಕೆ ಬಂದಿತ್ತು. ಮಾವಿನ ಎಲೆ ಹುಟ್ಟಿದ ಮೊದಲ ವಾರ ಇರುತ್ತದಲ್ಲ, ತಾಮ್ರವೂ ಅನ್ನಲಾಗದ ಗುಲಾಬಿಯೂ ಅನ್ನಲಾಗದ ಬಣ್ಣ, ಅದು. ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಆ ಚಿತ್ರ ಇಂಟರ್ನೆಟ್ಟಿನಲ್ಲಿ ಊರೆಲ್ಲ ಸುತ್ತಿ ಬಂಜಾರಾ ಹಿಲ್ಸಿನ ಋಷಭ್ ಎಂಬವನ ಕಣ್ಣಿಗೆ ಬಿತ್ತು. ಅವನದೊಂದು ಪುಟ್ಟ ಗ್ಯಾಲರಿ. ಫೋನು ಮಾಡಿ, ಮೇ ತಿಂಗಳಲ್ಲಿ ಒಂದು ಪ್ರದರ್ಶನ ಮಾಡೋಣ, ಇಡೀ ಗೋಡೆ ನಿನ್ನದೇ ಎಂದ. ಒಂದೇ ಷರತ್ತು ಹಾಕಿದ: "ಸೇಮ್ ಕಲರ್ ಹೋನಾ, ಬಾಸ್." ಎಲ್ಲ ಚಿತ್ರಗಳೂ ಅದೇ ಬಣ್ಣದಲ್ಲಿ ಬೇಕು.

ವಿನಾಯಕ ಹೂಂ ಎಂದ. ಅವತ್ತು ಆಫೀಸಿನಲ್ಲಿ ಅವನ ಮುಖ ನೋಡಬೇಕಿತ್ತು. ಶಾಲೆಯಲ್ಲಿ ಒಂದೂ ಬಹುಮಾನ ತೆಗೆದುಕೊಂಡವನಲ್ಲ, ಯಾರೂ ಅವನನ್ನು ಕರೆದು ವೇದಿಕೆಗೆ ಹತ್ತಿಸಿದ್ದಿಲ್ಲ. "ನನ್ನ ಚಿತ್ರ ಗ್ವಾಡಿಗೆ ಹಾಕ್ತಾರಂತ್ರಿ" ಎಂದು ಕ್ಯಾಂಟೀನಿನ ಚಹಾದವನಿಗೂ ಹೇಳಿದ.

ಆಮೇಲೆ ಶುರುವಾಯಿತು ಪರದಾಟ. ಪಾರ್ಕುಗಳಲ್ಲಿ, ಗಂಡಿಪೇಟೆ ಕೆರೆಯ ಹತ್ತಿರದ ತೋಟಗಳಲ್ಲಿ ತೆಗೆದು ಕಳಿಸಿದ. ಋಷಭ್ ಒಂದೊಂದನ್ನೂ ಹಿಂದಕ್ಕೆ ಕಳಿಸಿದ. ಇವು ಎಲ್ಲರೂ ಮಾಡುವ ಹಳದಿ ಮರಗಳು, ನನಗೆ ಬೇಕಾದ್ದು ಮೊದಲಿನ ಬಣ್ಣ ಎಂದ. ವಿನಾಯಕ ಹೊಸದನ್ನೂ ಹಳೆಯದನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತುಬಿಡುತ್ತಿದ್ದ. ಒಮ್ಮೆ ಬಾಯಿ ತಪ್ಪಿ ಅಂದ: "ಎರಡೂ ಒಂದ ಅದಾವಲ್ರಿ."

ನಾನು ನಕ್ಕೆ. ಅವನು ನಗಲಿಲ್ಲ.

ನನ್ನೊಳಗಿನ ಸಿಐಡಿ ಎದ್ದು ಕೂತಳು. ಎಷ್ಟು ಕೇಳಿದರೂ ಆ ದಿನ ಏನು ಮಾಡಿದೆ ಎಂದು ಹೇಳಲೊಲ್ಲ. "ನೆನಪಿಲ್ರಿ" ಎನ್ನುತ್ತಾನೆ, ಮಾತು ತಿರುಗಿಸುತ್ತಾನೆ. ಗುಟ್ಟು ಬಚ್ಚಿಟ್ಟುಕೊಂಡಿದ್ದಾನೆ ಎಂದುಕೊಂಡು ನನಗೆ ಸಿಟ್ಟೂ ಬಂತು. ಪ್ರದರ್ಶನ ಹತ್ತಿರವಾಗುತ್ತಿತ್ತು, ಒಂದೂ ಚಿತ್ರ ಒಪ್ಪಿಗೆಯಾಗಿರಲಿಲ್ಲ. ಕೊನೆಗೆ ನನ್ನ ಕಸುಬಿನ ಪಾಠವನ್ನೇ ಅವನಿಗೆ ಹೇಳಿದೆ: "ಅದೇ ಜಾಗಕ್ಕೆ ಹೋಗೋಣ. ಅವತ್ತು ಮಾಡಿದ್ದನ್ನೆಲ್ಲ ಮೊದಲಿಂದ ಮಾಡು. ನಾನು ಸುಮ್ಮನೆ ನೋಡ್ತೀನಿ."

ಹೋದೆವು. ಬಂಡೆ ಕಾದ ಹೆಂಚಾಗಿತ್ತು. ಕೆರೆಯ ನೀರು ಇಳಿದು, ದಂಡೆಯಲ್ಲಿ ತೇವವಿದ್ದ ಕಡೆ ಹಸಿರು ಹುಲ್ಲು, ಅದಕ್ಕೆ ಅಂಟಿಕೊಂಡ ಹಾಗೆ ಮೇಲ್ಗಡೆ ಒಣಗಿ ಕಂದಾದ ಹುಲ್ಲು. ವಿನಾಯಕ ಹುಣಸೆಮರದ ಎದುರಿಗೆ ಬಂದು, ಮೊಣಕಾಲೂರಿ, ಕ್ಯಾಮೆರಾವನ್ನು ನೆಲಕ್ಕೆ ಹಿಡಿದ. ಹಿಡಿದದ್ದು ಕಂದು ಹುಲ್ಲಿನ ಮೇಲೆ.

"ಅಯ್ಯೋ, ಅದು ಒಣಗಿ ಹೋಗಿದೆಯಲ್ಲೋ. ಹಸಿರು ಪಕ್ಕದಲ್ಲಿದೆ" ಎಂದೆ.

ಅವನು ತಲೆ ಎತ್ತಲಿಲ್ಲ. "ಯಾವುದು?" ಎಂದ.

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನ ಕುತ್ತಿಗೆಯ ಮೇಲೆ ಬೆವರಿಳಿಯುತ್ತಿತ್ತು. ನಿಧಾನವಾಗಿ ಹೇಳಿದ: "ನನಗ ಎರಡೂ ಒಂದ ಕಾಣತಾವ್ರಿ. ಹುಟ್ಟಿದಾಗಿಂದ. ಕೆಂಪು, ಹಸರು, ಕಂದು, ಎಲ್ಲಾ ಒಂದ ರಾಡಿ."

ಆಗ ಹಳೆಯದೆಲ್ಲ ಒಂದೊಂದಾಗಿ ಜೋಡಿಸಿಕೊಂಡಿತು. ಆಫೀಸಿನ ಪರದೆಯಲ್ಲಿ ಕೆಂಪು ದೀಪವೋ ಹಸಿರು ದೀಪವೋ ಎಂದು ನೋಡುವ ಬದಲು ಅವನು ಪಕ್ಕದ ಅಕ್ಷರವನ್ನೇ ಓದುತ್ತಿದ್ದದ್ದು. ವರ್ಷವಿಡೀ ಬಿಳಿ ಅಂಗಿ, ನೀಲಿ ಪ್ಯಾಂಟು ಹಾಕುತ್ತಿದ್ದದ್ದು. ಅದನ್ನೆಲ್ಲ ನಾನು ಶಿಸ್ತು ಎಂದುಕೊಂಡಿದ್ದೆ. ಆದರೆ ಆ ಕ್ಷಣ ನನಗೆ ಹಿಗ್ಗಾಗಿಬಿಟ್ಟಿತು. ಒಗಟು ಬಿಡಿಸಿಕೊಂಡಿತ್ತಲ್ಲ!

"ಹಾಗಾದ್ರೆ ಇದೇ! ಒಣ ಹುಲ್ಲು! ನೀನು ಕ್ಯಾಮೆರಾಗೆ ಒಣ ಹುಲ್ಲು ತೋರಿಸಿದ್ದಕ್ಕೇ ಮರ ಆ ಬಣ್ಣಕ್ಕೆ ತಿರುಗಿದ್ದು! ಪಾರ್ಕು, ತೋಟಗಳಲ್ಲಿ ನೀರು ಬಿಟ್ಟ ಹಸಿರು ಹುಲ್ಲೇ ಇರೋದು, ಅದಕ್ಕೇ ಅಲ್ಲಿ ಬರೀ ಹಳದಿ!" ಎಂದು ಕುಣಿದೆ.

"ಕುಣೀರಿ" ಎಂದ ವಿನಾಯಕ. "ನಾಳೆ ಋಷಭ್‌ಗ ಫೋನ್ ಮಾಡಿ ಆಗೂದಿಲ್ಲ ಅಂತ ಹೇಳ್ತೀನಿ."

ನನ್ನ ಹಿಗ್ಗು ಇಳಿಯಿತು. ಹುಣಸೆಮರದ ನೆರಳಿಗೆ ಹೋಗಿ ಕೂತೆವು. ಅಲ್ಲಿ ಅವನು ಅಂಗಡಿಯ ಕಥೆ ಹೇಳಿದ. ಅವನಿನ್ನೂ ಚಿಕ್ಕವನಾಗಿದ್ದಾಗ ಅಪ್ಪ ಮೆಣಸಿನಕಾಯಿಯ ರಾಶಿಯ ಮುಂದೆ ಕೂರಿಸಿ, ಬಣ್ಣ ಕಟ್ಟಿದ್ದು ಒಂದು ಕಡೆ, ಬಣ್ಣ ಹೋದದ್ದು ಒಂದು ಕಡೆ ಮಾಡು ಎಂದಿದ್ದರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಮರ್ಯಾದೆ.

"ನನಗ ಬಣ್ಣ ತಿಳೀಲಿಲ್ಲ. ಅದಕ್ಕ ಒಂದೊಂದು ಕಾಯಿ ಕಿವೀ ಹತ್ರ ಹಿಡದು ಅಲುಗಿಸಿದೆ. ಛಲೋ ಒಣಗಿದ್ದಾದ್ರ ಒಳಗ ಬೀಜ ಗಿಲಿಗಿಲಿ ಅಂತಾವ. ಹಂಗ ಬ್ಯಾರೆ ಮಾಡಿದೆ. ಅಪ್ಪ ಬಂದು ನೋಡಿದ್ರು. ಗಿರಾಕಿ ಮುಂದನ ನನ್ನ ಗುಂಪು ಕಾಲಿಲೆ ಒದ್ದು, 'ಕಣ್ಣಿದ್ದೂ ಕುರುಡ' ಅಂದ್ರು. ಮತ್ತ ನನ್ನ ಅಂಗಡಿ ಮೆಟ್ಟಲಾ ಹತ್ತಿಸಲಿಲ್ಲ."

"ನಿಮ್ಮ ಅವ್ವನಿಗೆ ಗೊತ್ತಾ?"

"ಗೊತ್ತೈತಿ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತಾಳ. ಇದು ತಾಯಿ ಕಡಿಂದ ಬರತೈತಂತ. ಆಕಿ ಅಣ್ಣಗೂ ಇತ್ತು. ಮಂದಿ ಆಕಿನ್ನ ಅಂತಾರ ಅಂತ ಹೆದರಿಕಿ."

ಮತ್ತೆ ಈ ಬಣ್ಣದ ಹುಚ್ಚು ಯಾಕೆ ಹಚ್ಚಿಕೊಂಡೆ ಎಂದು ಕೇಳಿದೆ. ಕೇಳದೆ ಇರುವುದು ನನ್ನಿಂದಾಗದು.

"ಈ ಕ್ಯಾಮೆರಾದಾಗ ಯಾವ ಬಣ್ಣನೂ ಖರೇ ಅಲ್ಲಲ್ರಿ" ಎಂದ. "ಮರ ಬೆಳ್ಳಗಿದ್ರೂ ನಡೀತದ, ಹಳದಿ ಇದ್ರೂ ನಡೀತದ. ತಪ್ಪು ಅನ್ನೂ ಮಗಾ ಒಬ್ಬನೂ ಇಲ್ಲ. ಈ ಬೆಳಕು ನಿಮಗೂ ಕಾಣಂಗಿಲ್ಲ, ನನಗೂ ಕಾಣಂಗಿಲ್ಲ. ಇಲ್ಲಿ ಎಲ್ಲಾರೂ ನನ್ನ ಹಂಗ. ಅದಕ್ಕ ಭಾಳ ಆರಾಮ ಅನಸ್ತಿತ್ತು. ಈಗ ನೋಡ್ರಿ, ಇಲ್ಲೂ ಬಂದು 'ಇದಽ ಬಣ್ಣ ಬೇಕು' ಅಂತ ಕುಂತಾರ."

"ಅದಕ್ಕೇನು, ಒಣ ಹುಲ್ಲು ಯಾವುದು ಅಂತ ನಾನು ತೋರಿಸ್ತೀನಿ. ನೀನು ಕ್ಲಿಕ್ ಮಾಡು, ಅಷ್ಟೇ" ಎಂದೆ.

"ಅವಾಗ ಚಿತ್ರ ನಿಮ್ಮದಾಗ್ತದ. ನಂದಾಗಂಗಿಲ್ಲ" ಎಂದು ಗದರಿದ. ಅವನು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ನಾನೂ ಬಿಡಲಿಲ್ಲ. ಹಾಗಾದರೆ ಇಲ್ಲೇ ಕೂತು ಕೊರಗು, ನನಗೇನು ಎಂದು ಮುಖ ತಿರುಗಿಸಿ ಕೂತೆ.

ಅವನು ಸಿಟ್ಟಿನಲ್ಲಿ ಪಕ್ಕದ ಹುಲ್ಲನ್ನು ಹಿಡಿ ಹಿಡಿಯಾಗಿ ಕಿತ್ತು ಹೊಸಕಿ ಎಸೆಯುತ್ತಿದ್ದ. ಚರಚರ ಎನ್ನುತ್ತಿತ್ತು. ಒಂದು ಹಿಡಿ ಚರ ಎನ್ನಲಿಲ್ಲ. ಅವನ ಕೈ ನಿಂತಿತು. ಆ ಹಿಡಿಯನ್ನು ಕಿವಿಯ ಹತ್ತಿರ ಹಿಡಿದು ಮತ್ತೆ ಹೊಸಕಿದ. ಏನೂ ಕೇಳಲಿಲ್ಲ, ಅಂಗೈ ಒದ್ದೆಯಾಯಿತು. ಇನ್ನೊಂದು ಕಡೆಯಿಂದ ಕಿತ್ತ. ಚರಚರ.

"ಮಾತಾಡಬ್ಯಾಡ್ರಿ" ಎಂದ. ನಾನು ಮಾತಾಡುತ್ತಲೇ ಇರಲಿಲ್ಲ.

ಕಣ್ಣು ಮುಚ್ಚಿಕೊಂಡು ನೆಲದ ಮೇಲೆ ಅಂಗೈ ಆಡಿಸುತ್ತ, ಅಲ್ಲಲ್ಲಿ ಹೊಸಕಿ ಕೇಳುತ್ತ, ದಂಡೆಯುದ್ದಕ್ಕೂ ಮಂಡಿಯೂರಿಕೊಂಡು ಹೋದ. ಎಮ್ಮೆ ಹೊಡೆದುಕೊಂಡು ಬಂದಿದ್ದ ಒಬ್ಬ ಹೆಂಗಸು ನಿಂತು ನೋಡಿ, "ಏಮಯಿಂದಿ ಅತನಿಕಿ?" ಎಂದು ನನ್ನನ್ನು ಕೇಳಿದಳು. ಏನೂ ಆಗಿಲ್ಲ, ಹುಲ್ಲು ಕೇಳುತ್ತಿದ್ದಾನೆ ಎಂದು ತೆಲುಗಿನಲ್ಲಿ ಹೇಗೆ ಹೇಳಬೇಕೋ ನನಗೆ ಹೊಳೆಯಲಿಲ್ಲ. ಕೊನೆಗೊಂದು ಕಡೆ ಅವನು ನಿಂತ, ಕ್ಯಾಮೆರಾ ಹಿಡಿದ, ಎದ್ದು ಮರದ ಕಡೆ ತಿರುಗಿದ. ಅವನು ಹಿಡಿದ ಹುಲ್ಲು ಅಪ್ಪಟ ಕಂದು. ನಾನು ತುಟಿ ಕಚ್ಚಿಕೊಂಡಿದ್ದೆ.

ಮನೆಗೆ ಬಂದು ಬಣ್ಣ ಅದಲುಬದಲು ಮಾಡಿ ಕಳಿಸಿದ. ಮರ ಚಿಗುರುಮಾವಿನ ಬಣ್ಣಕ್ಕಿತ್ತು. ಋಷಭ್‌ನಿಂದ ಉತ್ತರ ಬಂತು: "ಅಬ್ ಆಯಾ ಕಲರ್!"

ಆ ಏಪ್ರಿಲ್ ಪೂರ್ತಿ ನಾವು ಒಣ ಹುಲ್ಲು ಕೇಳುತ್ತ ತಿರುಗಿದೆವು. ಗೋಲ್ಕೊಂಡದ ಕಂದಕದ ಬದಿ, ಗಂಡಿಪೇಟೆಯ ದಂಡೆ, ಹೊಸ ಬಡಾವಣೆಗಳ ಹಿಂದೆ ಇನ್ನೂ ಒಡೆಯದೆ ಉಳಿದ ಬಂಡೆಗಳು. ಕೆಲವು ಸಲ ತಪ್ಪಿದ. ಒಮ್ಮೆ ಒಣಗಿದ ಬಿದಿರಿನ ಎಲೆಯನ್ನು ಹುಲ್ಲೆಂದು ಕೇಳಿದ್ದಕ್ಕೆ ಚಿತ್ರವೆಲ್ಲ ಬೂದಿ ಬಣ್ಣವಾಯಿತು. ನಾನು ಏನೂ ಹೇಳುತ್ತಿರಲಿಲ್ಲ. ನನ್ನಂಥವಳು ಅಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದು ಅಮ್ಮನಿಗೆ ಹೇಳಿದರೆ ನಂಬುವುದಿಲ್ಲ.

ಪ್ರದರ್ಶನದ ಸಂಜೆ ಅಂಬವ್ವನನ್ನು ಮೆಹದಿಪಟ್ಟಣಂನಿಂದ ಕರೆತರುವುದು ನನ್ನ ಪಾಲಿಗೆ ಬಂತು. ಇಳಕಲ್ ಸೀರೆ ಉಟ್ಟು, ದಾರಿಯುದ್ದಕ್ಕೂ ಸೆರಗಿನ ತುದಿ ತಿರುಚುತ್ತಿದ್ದಳು. "ಅಲ್ಲಿ ಏನೂ ಹೇಳಬ್ಯಾಡ ಅಂತ ಕೈ ಮುಗದು ಹೇಳೀನವ್ವ ಅವಂಗ" ಎಂದಳು. "ಗುಟ್ಟಿನ ವಿದ್ಯಾ ಅನ್ನು, ಸುಮ್ಮನಾಗು ಅಂದೀನಿ." ವಿನಾಯಕ ಅದಕ್ಕೆ ಒಪ್ಪಿದ್ದ. ನನಗೂ ಅದೇ ಸರಿ ಎನಿಸಿತ್ತು. ಇಷ್ಟು ಜನರೆದುರು ಮತ್ತೊಮ್ಮೆ ಯಾರಾದರೂ ಅವನ ಗುಂಪನ್ನು ಕಾಲಿನಿಂದ ಒದ್ದರೆ, ಅವನು ಮುಂದೆ ಕ್ಯಾಮೆರಾ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು.

ಗೋಡೆಯ ತುಂಬ ಅವನ ಮರಗಳು. ಜನ ಚೆನ್ನಾಗಿಯೇ ಸೇರಿದ್ದರು. ಋಷಭ್ ಮೈಕು ಹಿಡಿದು, ಇವನು ರಂಗಿನ ಉಸ್ತಾದ, ಇಂಥ ಬಣ್ಣ ಕಾಣುವ ಕಣ್ಣು ಲಕ್ಷಕ್ಕೊಬ್ಬರಿಗೆ ಎಂದು ಹೊಗಳಿ ಅಟ್ಟಕ್ಕೇರಿಸಿ, ಮೈಕನ್ನು ಅವನ ಕೈಗೆ ಕೊಟ್ಟ. ಆ ಹೊಗಳಿಕೆಯೇ ಕೆಡಿಸಿತು. ವಿನಾಯಕ ಮೈಕು ಹಿಡಿದುಕೊಂಡ. ಗುಟ್ಟಿನ ವಿದ್ಯೆ ಎನ್ನುತ್ತಾನೆ ಎಂದು ನಾನು ಕಾದೆ. ಅವನು ತನ್ನ ಬೇಗಂ ಬಜಾರಿನ ಹಿಂದಿಯಲ್ಲಿ, ನಿಧಾನವಾಗಿ, "ಈ ಬಣ್ಣ ನನಗೆ ಕಾಣುವುದಿಲ್ಲ" ಎಂದ.

ಯಾರೋ ನಕ್ಕರು. ಅವನು ನಗುತ್ತಿಲ್ಲ ಎಂದು ತಿಳಿದು ನಿಲ್ಲಿಸಿದರು. ಅಂಬವ್ವ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ನೋವಾಯಿತು.

"ಅಂದರೆ ಇದೆಲ್ಲ ಆಕಸ್ಮಿಕವೇ?" ಎಂದು ಮುಂದಿನ ಸಾಲಿನ ಒಬ್ಬರು ಕೇಳಿದರು. ಅವರ ದನಿಯಲ್ಲಿ ಮೋಸ ಹೋದವರ ಸಿಟ್ಟಿತ್ತು.

"ಮೊದಲನೆಯದು ಆಕಸ್ಮಿಕ" ಎಂದ ವಿನಾಯಕ. ಪ್ಯಾಂಟಿನ ಜೇಬಿಗೆ ಕೈ ಹಾಕಿ ಒಂದು ಹಿಡಿ ಒಣ ಹುಲ್ಲು ತೆಗೆದ. ಅದನ್ನು ಯಾವಾಗ ತುಂಬಿಕೊಂಡಿದ್ದನೋ ನನಗೆ ತಿಳಿಯದು. ಮೈಕಿನ ಹತ್ತಿರ ಹಿಡಿದು ಹೊಸಕಿದ. ಇಡೀ ಕೋಣೆಯಲ್ಲಿ ಚರಚರ ಎಂದಿತು. "ಉಳಿದದ್ದನ್ನೆಲ್ಲ ಇದನ್ನು ಕೇಳಿ ಮಾಡಿದ್ದೇನೆ. ಬಣ್ಣ ಹೇಗಿದೆ ಎಂದು ನೀವೇ ಹೇಳಬೇಕು."

ಆಮೇಲೆ ಆ ಮುಂದಿನ ಸಾಲಿನವರು ಎದ್ದು ಒಂದು ಚಿತ್ರದ ಮುಂದೆ ಹೋಗಿ ನಿಂತರು, ಅವರ ಹಿಂದೆ ಇನ್ನೊಬ್ಬರು. ಯಾರೂ ಅವನ ಗುಂಪನ್ನು ಒದೆಯಲಿಲ್ಲ. ಆದರೆ ವಿನಾಯಕನ ಕಣ್ಣು ಅವರ ಮೇಲಿರಲಿಲ್ಲ. ಮೈಕು ಕೊಟ್ಟು ನೇರ ತಾಯಿಯ ಕಡೆ ಬಂದು, ಬೈಸಿಕೊಳ್ಳಲು ತಯಾರಾಗಿ ನಿಂತ.

ಅಂಬವ್ವ ಬೈಯಲಿಲ್ಲ. "ಆ ಸಪ್ಪಳ..." ಎಂದಳು. "ನಿಮ್ಮಪ್ಪ ಒದ್ದರಲ್ಲ ಆ ಮೆಣಸಿನಕಾಯಿ, ಅದನ್ನ ನಾ ಆರಿಸಿ ಸೆರಗಿನ್ಯಾಗ ಕಟಗೊಂಡು ಮನಿಗೆ ಒಯ್ದಿದ್ದೆ."

"ಯಾಕ?"

"ಹೆಂಗ ಚೆಲ್ಲಲಿ? ನೀ ಅಷ್ಟು ಹೊತ್ತು ಕುಂತು ಆರಿಸಿದ್ದಿ. ಆ ವರ್ಷ ಮಳಿ ಹಿಡದು ಅಂಗಡ್ಯಾಗಿನ ರಂಗಿನ ಕಾಯಿಗೆಲ್ಲಾ ಬೂಸರ ಬಂತು. ನಿನ್ನ ಗುಂಪಿನ್ಯಾಗಿನ ಒಂದಕ್ಕೂ ಬರಲಿಲ್ಲ. ತಿಂಗಳಾನಗಟ್ಲೆ ಅದರದ್ದ ಖಾರ ಕುಟ್ಟಿ ಉಂಡೇವಿ. ನಿಮ್ಮಪ್ಪನೂ ಉಂಡ್ರು. ಖಾರ ಭಾಳ ಛಲೋ ಆಗೈತಿ, ಯಾವ ಚೀಲದ್ದು ಅಂತ ಕೇಳಿದ್ರು."

"ನೀ ಏನಂದಿ?"

"ನಿನ್ನ ಹೆಸರು ತುಟಿತನಕಾ ಬಂದಿತ್ತು" ಎಂದಳು ಅಂಬವ್ವ. "ಅಲ್ಲೇ ನುಂಗಿದೆ."

ವಿನಾಯಕನ ಮುಷ್ಟಿಯಲ್ಲಿದ್ದ ಹುಲ್ಲು ಪುಡಿಯಾಗಿ ನೆಲಕ್ಕುದುರುತ್ತಿತ್ತು. ನನ್ನ ಕಣ್ಣು ತುಂಬಿತ್ತು, ಅವನದೂ ತುಂಬಿತ್ತು.

ಅಷ್ಟರಲ್ಲಿ ತಡವಾಗಿ ಬಂದ ಹೆಂಗಸೊಬ್ಬಳು ಹುಣಸೆಮರದ ಚಿತ್ರವನ್ನು ನೋಡಿ ಬೆರಗಾಗಿ, ಪಕ್ಕದಲ್ಲಿದ್ದ ಅಂಬವ್ವನನ್ನೇ ಹಿಂದಿಯಲ್ಲಿ ಕೇಳಿದಳು: ಎಂಥ ಬಣ್ಣ, ಯಾರು ತೆಗೆದದ್ದು ಇದನ್ನು?

ಅಂಬವ್ವ ಸೆರಗು ಸರಿಮಾಡಿಕೊಂಡಳು. "ಮೇರಾ ಬೇಟಾ" ಎಂದಳು, ಸುತ್ತಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಉಸಕೂ ರಂಗ್ ನೈ ದಿಖತಾ," ಅವನಿಗೆ ಬಣ್ಣ ಕಾಣುವುದಿಲ್ಲ ಎಂದಳು. ಮುಂದಿನದಕ್ಕೆ ಅವಳಿಗೆ ಹಿಂದಿ ಸಾಲಲಿಲ್ಲ. ಮಗನ ಮುಷ್ಟಿ ಬಿಡಿಸಿ, ಉಳಿದ ನಾಲ್ಕು ಎಳೆ ಒಣ ಹುಲ್ಲನ್ನು ತೆಗೆದುಕೊಂಡು, ಆ ಹೆಂಗಸಿನ ಕಿವಿಯ ಹತ್ತಿರ ಹಿಡಿದು ಹೊಸಕಿದಳು.